ಮೈಗೆ ಅಂಟಬೇಕು, ಉಸಿರು ಕಟ್ಟಬಾರದು

ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಮುಳುಗಿ ಈಜುವುದನ್ನು, ಕಲಿಯಲು ಹೊರಟಿದ್ದೇನೆ, ಅದಕ್ಕೆ ಮೈಗಂಟಿ ಬೆಚ್ಚಗಿಡುವ ವೆಟ್‌ಸೂಟ್ ಕೊಳ್ಳಬೇಕೆಂದಿದ್ದೇನೆ ಎಂದಾಗ ಬಾಗಲಕೋಟೆಯಲ್ಲಿ ನನ್ನನ್ನು ಬಲ್ಲವರೆಲ್ಲ ಕೇಳಿದ್ದು ಒಂದೇ ಮಾತು: ಅಂಡಮಾನಿನ ಸಮುದ್ರ ಬೆಚ್ಚಗಿರುತ್ತದಂತೆ, ಅಲ್ಲಿ ರಬ್ಬರಿನ ಅಂಗಿ ಯಾಕೆ? ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಲ್ಲಿನ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನವರಿಗೆ 28 ಎಂದರೆ ಫ್ಯಾನೂ ಬೇಡವೆನಿಸುವ ಹಿತವಾದ ಹವೆ. ನಾನು ಘಟಪ್ರಭೆಯಲ್ಲಿ ಈಜು ಕಲಿತವಳು. ನದಿಗಿಳಿಯಲು ಎಂದೂ ಯಾವ ಸೂಟೂ ಬೇಕಾಗಿರಲಿಲ್ಲ. ಆದರೆ ಹತ್ತು ನಿಮಿಷ ಕೈಕಾಲು ಬಡಿದು ಈಜಿ ದಂಡೆಯ ಬಿಸಿಲಿಗೆ ಮೈಯೊಡ್ಡುವುದಕ್ಕೂ, ಮುಕ್ಕಾಲು ಗಂಟೆ ನೀರಿನೊಳಗೆ ಕೈ ಆಡಿಸದೆ, ನಿಧಾನವಾಗಿ ಉಸಿರಾಡುತ್ತ ತೇಲುವುದಕ್ಕೂ ಬಹಳ ಅಂತರವಿದೆ. ಆ ಅಂತರ ನನಗೆ ಮೈಯಲ್ಲೇ ಗೊತ್ತಾದದ್ದು ನೇತ್ರಾಣಿಯಲ್ಲಿ.

ನೇತ್ರಾಣಿ ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ಸಣ್ಣ ದ್ವೀಪ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಡೈವಿಂಗ್ ದೋಣಿಗಳು ಅಲ್ಲಿಗೆ ಹೊರಡುತ್ತವೆ. ಹೊಸಬರಿಗೆ ಇನ್‌ಸ್ಟ್ರಕ್ಟರ್ ಕೈಹಿಡಿದು ತೋರಿಸುವ ಡೈವ್‌ಗೆಂದು ಹೋದವಳಿಗೆ ಬಾಡಿಗೆಯ ಸೂಟು ಕೊಟ್ಟರು. ಎಷ್ಟೋ ಜನ ತೊಟ್ಟು ಎಳೆದು ಹಿಗ್ಗಿದ ಸೂಟು ಅದು. ಎದೆ, ತೊಡೆಗಳಲ್ಲಿ ಸರಿಯಾಗಿಯೇ ಕೂತಿತ್ತು. ಸೊಂಟದ ಹಿಂದಿನ ತಗ್ಗಿನಲ್ಲಿ ಮಾತ್ರ ನನ್ನ ಇಡೀ ಅಂಗೈ ಒಳಗೆ ಹೋಗುವಷ್ಟು ಖಾಲಿ ಜಾಗ. ನೀರಿಗಿಳಿದ ಮೊದಲ ಕಾಲು ಗಂಟೆ ಏನೂ ಅನಿಸಲಿಲ್ಲ. ಕಣ್ಣೆದುರು ಮೀನುಗಳ ಹಿಂಡು, ನೀಲಿ ಬೆಳಕು, ನನ್ನದೇ ಉಸಿರಿನ ಗುಳ್ಳೆಗಳ ಸದ್ದು. ಆಮೇಲೆ ಶುರುವಾಯಿತು. ಬಲಕ್ಕೆ ತಿರುಗಿದರೆ ಬೆನ್ನಹುರಿಯುದ್ದಕ್ಕೂ ಹೊಸ ನೀರು ಇಳಿಯುವುದು. ಎಡಕ್ಕೆ ತಿರುಗಿದರೆ ಅಷ್ಟೊತ್ತಿಗೆ ಬೆಚ್ಚಗಾಗಿದ್ದ ನೀರು ಕೊರಳಿನಿಂದ ಹೊರಬಿದ್ದು ಮತ್ತೆ ತಣ್ಣನೆಯದು ಬರುವುದು. ಭುಜಗಳು ತಾವಾಗಿಯೇ ಮುದುಡಿಕೊಂಡವು. ದೋಣಿಗೆ ಹತ್ತಿ, ಗಾಳಿಯಲ್ಲಿ ಕೂತು, ಎರಡನೆಯ ಸಲ ಇಳಿದಾಗ ಮೊದಲ ಐದು ನಿಮಿಷದಲ್ಲೇ ನಡುಕ ಹತ್ತಿತು. ಇನ್‌ಸ್ಟ್ರಕ್ಟರ್ ಕೈಯಲ್ಲಿನ ಡೈವ್ ಕಂಪ್ಯೂಟರ್, ಆಳ, ನೀರಿನ ತಾಪ ತಿಳಿಸುವ ಗಡಿಯಾರದಂಥದ್ದು, ತೋರಿಸುತ್ತಿದ್ದದ್ದು 28 ಡಿಗ್ರಿ.

"ನೀರು ತಂಪಿಲ್ಲ ಮೇಡಂ," ಎಂದರು ಅವರು ಮೇಲೆ ಬಂದ ಮೇಲೆ. "ಸೂಟು ನಿಮ್ಮ ಅಳತೆಯದ್ದಲ್ಲ, ಅಷ್ಟೇ."

ಊರಿಗೆ ಬಂದು ಓದುತ್ತಾ, ಡೈವಿಂಗ್ ಮಾಡುವವರನ್ನು ಕೇಳುತ್ತಾ ಹೋದಂತೆ ಅವರ ಮಾತಿನ ತೂಕ ಗೊತ್ತಾಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಲೀಟರ್ ಗಾಳಿಗೆ ಬೇಕಾದದ್ದಕ್ಕಿಂತ 3,000 ಪಟ್ಟಿಗೂ ಹೆಚ್ಚು ಶಾಖ ಬೇಕು. ನಮ್ಮ ಒಳಮೈ 37 ಡಿಗ್ರಿ, ಚರ್ಮ ಸುಮಾರು 33. ಸುಮ್ಮನೆ ತೇಲುತ್ತಿರುವ ಬರಿಮೈ ಶಾಖ ಕಳೆದುಕೊಳ್ಳದೆ ಇರಬೇಕಾದರೆ ನೀರು 33-35 ಡಿಗ್ರಿಯಷ್ಟು ಇರಬೇಕು. ಅಂದರೆ 28 ಡಿಗ್ರಿಯ ನೀರು ಮೈಯನ್ನು ತಣ್ಣಗೆ ಮಾಡುತ್ತಲೇ ಇರುತ್ತದೆ, ಆದರೆ ಥಟ್ಟನೆ ಅಲ್ಲ, ಸದ್ದಿಲ್ಲದೆ. ಇಳಿದಾಗ ಹಿತವೆನಿಸುವುದರಿಂದಲೇ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲಾಗಿ ಸಿಲಿಂಡರಿನಿಂದ ಬರುವ ಗಾಳಿ ಒಣ ಗಾಳಿ, ಒತ್ತಡದಿಂದ ಬಿಡುಗಡೆಯಾಗಿ ತಣ್ಣಗಾದದ್ದು; ಪ್ರತಿ ಉಸಿರಿಗೂ ಅದನ್ನು ಬಿಸಿ ಮಾಡಿ ತೇವ ಮಾಡುವ ಕೆಲಸ ನಮ್ಮ ಶ್ವಾಸಕೋಶದ್ದು. ದೋಣಿಯ ಮೇಲೆ ಗಾಳಿಗೆ ಕೂತಾಗ ಒದ್ದೆ ಬಟ್ಟೆ ಆರುತ್ತ ಇನ್ನಷ್ಟು ಶಾಖ ಕೊಂಡೊಯ್ಯುತ್ತದೆ. ಎರಡನೆಯ ಡೈವ್ ಶುರುವಾಗುವುದು ಈ ಸಾಲದೊಂದಿಗೇ.

ಇದು ಬರೀ ಸುಖದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಡುಗುವ ಮೈ ಹೆಚ್ಚು ಉಸಿರು ಕೇಳುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಬೆರಳು ಮರಗಟ್ಟಿದರೆ ಬಕಲ್ ಬಿಚ್ಚುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ಸಾರಜನಕದ ವಿಷಯ. ಆಳದಲ್ಲಿದ್ದಾಗ ಅಂಗಾಂಶಗಳಲ್ಲಿ ಕರಗಿದ ಸಾರಜನಕ ಮೇಲೆ ಬರುವಾಗ ನಿಧಾನವಾಗಿ ಹೊರಬೀಳಬೇಕು, ಇಲ್ಲದಿದ್ದರೆ ಮೈಯೊಳಗೇ ಗುಳ್ಳೆಗಟ್ಟಿ ಅಪಾಯ ತರುತ್ತದೆ. ಅದಕ್ಕೆಂದೇ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುತ್ತೇವೆ. ಡೈವ್‌ನ ಕೊನೆಯ ಹೊತ್ತಿಗೆ ಮೈ ತಣ್ಣಗಾಗಿದ್ದರೆ ಚರ್ಮ, ಕೈಕಾಲುಗಳ ರಕ್ತನಾಳಗಳು ಕುಗ್ಗಿ ಆ ಸಾರಜನಕ ಹೊರಹೋಗುವುದು ತಡವಾಗುತ್ತದೆ. ಸರಿಯಾದ ಸೂಟು ಸುರಕ್ಷತೆಯ ಸಾಮಾನು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ವೆಟ್‌ಸೂಟ್ ಹೇಗೆ ಬೆಚ್ಚಗಿಡುತ್ತದೆ ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಹೀಗಿದೆ: ಒಳಗೆ ತೆಳ್ಳಗೆ ನೀರು ಸೇರಿಕೊಳ್ಳುತ್ತದೆ, ಮೈ ಅದನ್ನು ಬಿಸಿ ಮಾಡುತ್ತದೆ, ಆ ನೀರೇ ನಮ್ಮನ್ನು ಬೆಚ್ಚಗಿಡುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಕಾಪಾಡುವುದು ನೀರಲ್ಲ, ಬಟ್ಟೆಯೊಳಗಿನ ಅನಿಲ. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರದರ್ಸ್ ಅವರ ತಂಡ ತಯಾರಿಸಿದ ಕೃತಕ ರಬ್ಬರೇ ಮುಂದೆ ನಿಯೋಪ್ರೀನ್ ಎನಿಸಿಕೊಂಡಿತು. ಅದನ್ನು ನೊರೆಯಾಗಿ ಉಬ್ಬಿಸಿದಾಗ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳು ಒಂದಕ್ಕೊಂದು ದಾರಿಯಿಲ್ಲದೆ ಮುಚ್ಚಿಕೊಂಡು ಉಳಿಯುತ್ತವೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಗುರುತಿಸಿದ್ದು ಇದನ್ನೇ: ಮುಳುಗುವವನ ಮೈ ಒಣಗಿರಲೇಬೇಕೆಂದಿಲ್ಲ, ಬಟ್ಟೆಯಲ್ಲಿ ಅನಿಲ ಸೆರೆಯಾಗಿದ್ದರೆ ಸಾಕು. ನಮ್ಮ ಕೌದಿಯ ಕೆಲಸವೂ ಇದೇ ಅಲ್ಲವೇ. ಹಳೆಯ ಸೀರೆಗಳ ಪದರಗಳ ನಡುವೆ ನಿಂತ ಗಾಳಿಯೇ ಚಳಿ ತಡೆಯುವುದು. ಹಾಗಾದರೆ ಒಳಗಿನ ನೀರಿನ ಪಾತ್ರವೇನು? ಅದು ಇದ್ದಲ್ಲೇ ಇರಬೇಕು. ಒಮ್ಮೆ ಬಿಸಿ ಮಾಡಿದ ನೀರು ಅಲ್ಲೇ ನಿಂತರೆ ಮೈ ಅದಕ್ಕೆ ಮತ್ತೆ ಶಾಖ ಸುರಿಯಬೇಕಿಲ್ಲ. ನೇತ್ರಾಣಿಯಲ್ಲಿ ನಾನು ಕಾಯಿಸಿ ಕಾಯಿಸಿ ಸಮುದ್ರಕ್ಕೆ ಸುರಿಯುತ್ತಿದ್ದೆ.

ದಪ್ಪ ಸೂಟು ತೆಗೆದುಕೊಂಡರೆ ಮುಗಿಯಿತಲ್ಲ ಎಂದರೆ ಆಗದು. ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ಬಾಯ್ಲನ ನಿಯಮದಂತೆ ಗುಳ್ಳೆಗಳು ಅದೇ ಲೆಕ್ಕದಲ್ಲಿ ಕುಗ್ಗುತ್ತವೆ. ರಬ್ಬರು ಸ್ವಲ್ಪ ತಡೆದುಕೊಂಡರೂ ಸೂಟು ಕಣ್ಣಿಗೆ ಕಾಣುವಷ್ಟು ತೆಳ್ಳಗಾಗುತ್ತದೆ. ಆಗ ಎರಡು ನಷ್ಟ. ಬೆಚ್ಚಗಿಡುವ ಶಕ್ತಿ ಕಡಿಮೆಯಾಗುತ್ತದೆ, ತೇಲಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಮೇಲೆ ತುಂಬ ತೇಲಿಸುವ ದಪ್ಪ ಸೂಟನ್ನು ಮುಳುಗಿಸಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಕೆಳಗೆ ಹೋದಾಗ ಸೂಟು ಕುಗ್ಗುತ್ತದೆ, ಸೀಸ ಮಾತ್ರ ಅಷ್ಟೇ ಇರುತ್ತದೆ. ಕಲಿಯುತ್ತಿರುವವರಿಗೆ ತೇಲುವಿಕೆಯ ಈ ಏರುಪೇರು ಸಂಭಾಳಿಸುವುದೇ ದೊಡ್ಡ ಪಾಠ. ಬೆಚ್ಚನೆಯ ಸಮುದ್ರದಲ್ಲಿ ಬೇಕಾದ್ದಕ್ಕಿಂತ ದಪ್ಪ ಸೂಟು ಆ ಪಾಠವನ್ನು ವಿನಾಕಾರಣ ಕಠಿಣ ಮಾಡುತ್ತದೆ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು, ಬಾಗಲಕೋಟೆಯವಳಾಗಿ. ನಿಯೋಪ್ರೀನನ್ನು ಇಂದು ಬಹುಪಾಲು ಪೆಟ್ರೋಲಿಯಂ ಮೂಲದಿಂದ ಮಾಡುತ್ತಾರೆ. ಸುಣ್ಣದ ಕಲ್ಲಿನಿಂದ ಮಾಡುವ ದಾರಿಯೂ ಇದೆ: ಸುಣ್ಣದ ಕಲ್ಲಿನಿಂದ ಕ್ಯಾಲ್ಸಿಯಂ ಕಾರ್ಬೈಡ್, ಅದರಿಂದ ಅಸಿಟಿಲೀನ್ ಅನಿಲ, ಅದರಿಂದ ನಿಯೋಪ್ರೀನಿನ ಮೂಲವಸ್ತುವಾದ ಕ್ಲೋರೋಪ್ರೀನ್. ಜಪಾನಿನ ಯಮಾಮೊಟೊ ಕಂಪನಿಯ ಹಾಳೆಗಳು ಈ ಬಗೆಯವು. ಕಲಾದಗಿ, ಲೋಕಾಪುರ, ಮುದ್ದಾಪುರದ ಕಡೆ ಓಡಾಡುವಾಗ ಸಿಮೆಂಟಿಗೆಂದು ಅಗೆಯುವ ಕಲ್ಲನ್ನು ಬಾಲ್ಯದಿಂದ ನೋಡಿದ್ದೇನೆ. ಅದೇ ಜಾತಿಯ ಕಲ್ಲು ಎಲ್ಲೋ ಒಂದೆಡೆ ಸಮುದ್ರದ ಅಂಗಿಯಾಗುತ್ತದೆ ಎಂದು ತಿಳಿದಾಗ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಕಲ್ಲಿನದಾದರೂ ಪೂರ್ತಿ ಪರಿಸರಸ್ನೇಹಿ ಎನ್ನಲಾಗದು, ಕುಲುಮೆಗೆ ಬೇಕಾದ ಶಕ್ತಿ ಅಪಾರ. ಮರದ ರಬ್ಬರಿನಿಂದ ಮಾಡಿದ ಸೂಟುಗಳೂ ಈಗ ಬರುತ್ತಿವೆ. ನನ್ನ ಬಜೆಟ್ಟಿಗೆ ಅವು ನಿಲುಕಲಿಲ್ಲ.

ಇನ್ನು ಅಳತೆ. ನಮ್ಮ ಚಿಗವ್ವ ಗುಳೇದಗುಡ್ಡದಲ್ಲಿದ್ದಾಳೆ. ಊರೇ ಖಣ ನೇಯುವ ಊರು. ಚಿಗವ್ವ ಖಣದ ಕುಬಸ ಹೊಲಿಯುವುದರಲ್ಲಿ ಕೈ ಪಳಗಿದವಳು. ಖಣ ಹಿಗ್ಗುವ ಬಟ್ಟೆಯಲ್ಲ, ಕತ್ತರಿ ತಪ್ಪಿದರೆ ಕುಬಸ ಮೈಗೆ ಕೂರುವುದೇ ಇಲ್ಲ. ಆದ್ದರಿಂದ ಅಳತೆಯ ವಿಷಯದಲ್ಲಿ ಅವಳ ಕಣ್ಣನ್ನು ನಾನು ಯಾವ ಕಂಪನಿಯ ಪಟ್ಟಿಗಿಂತ ಹೆಚ್ಚು ನಂಬುತ್ತೇನೆ. ಫೋನಿನಲ್ಲಿ ಸೂಟಿನ ಚಿತ್ರ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನೀರ ಒಳಗ ಬರತೈತೇನ ಇದರಾಗ?"

"ಬರತೈತಿ ಚಿಗವ್ವ. ಬಂದದ್ದು ಹೊರಗ ಹೋಗಬಾರದು. ಅಷ್ಟ ಬಿಗಿ ಇರಬೇಕು."

"ಹಂಗಾದ್ರ ಎದಿ ಅಳತಿ ಒಂದ ನೋಡಿ ತಗೋಬ್ಯಾಡ. ಎದಿ ಅಳತಿ ಎಲ್ಲಾರೂ ನೋಡತಾರ, ಬೆನ್ನ ಯಾರೂ ನೋಡಂಗಿಲ್ಲ. ನಿನ್ನ ಬೆನ್ನಾಗ ತಗ್ಗ ಭಾಳ ಐತಿ. ಅಲ್ಲೇ ನೀರ ನಿಲ್ಲತೈತಿ."

ನೇತ್ರಾಣಿಯ ಕಥೆ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಟೇಪು ಹಿಡಿದು ಎದೆ, ಸೊಂಟ, ಪಿರ್ರೆ, ತೋಳು, ಮೀನಖಂಡ, ಕೊರಳು ಎಲ್ಲ ಅಳೆದಳು. ಕೊರಳ ಕುಳಿಯಿಂದ ತೊಡೆಸಂದಿಯ ಮೂಲಕ ಹಿಂದಿನ ಕೊರಳ ಮೂಳೆಯವರೆಗೆ ಒಂದು ಸುತ್ತು ಅಳತೆ ತೆಗೆದುಕೊಂಡಳು. ಇಡೀ ಮೈ ಮುಚ್ಚುವ ಉಡುಪಿಗೆ ಇದೇ ಮುಖ್ಯವೆಂದು ಅವಳ ವಾದ. ಇದು ನಿಜ ಎಂದು ಆಮೇಲೆ ಅಂಗಡಿಯಲ್ಲಿ ಕಂಡೆ. ಈ ಉದ್ದ ಕಡಿಮೆಯಾದರೆ ಸೂಟು ಭುಜವನ್ನು ಕೆಳಕ್ಕೆ ಜಗ್ಗುತ್ತದೆ, ಹೆಚ್ಚಾದರೆ ತೊಡೆಸಂದಿಯಲ್ಲಿ ಜೋತುಬಿದ್ದು ನೀರು ತುಂಬಿಕೊಳ್ಳುತ್ತದೆ.

ಕಂಪನಿಗಳ ಅಳತೆ ಪಟ್ಟಿಗಳಲ್ಲಿ ಎತ್ತರ, ತೂಕ, ಎದೆ, ಸೊಂಟ ಇಷ್ಟೇ ಇರುವುದು ಹೆಚ್ಚು. ಮಾರೆಸ್‌ನ ಮಧ್ಯಮ ಅಳತೆ, ಸ್ಕೂಬಾಪ್ರೋದ ಮಧ್ಯಮ ಅಳತೆ, ಕ್ರೆಸ್ಸಿಯದು ಒಂದೇ ಅಲ್ಲ. ಎತ್ತರಕ್ಕೆ ಹೊಂದುವುದು ಒಂದು ಸಾಲಿನಲ್ಲಿ, ಎದೆಗೆ ಹೊಂದುವುದು ಇನ್ನೊಂದು ಸಾಲಿನಲ್ಲಿ ಸಿಗುವುದು ನಮ್ಮ ಮೈಕಟ್ಟಿನವರಿಗೆ ಸಾಮಾನ್ಯ. ಆಗ ಸುತ್ತಳತೆಗೆ ಮೊದಲ ಮರ್ಯಾದೆ ಕೊಡಬೇಕು. ತೋಳು ಒಂದು ಇಂಚು ಉದ್ದವಿದ್ದರೆ ಮಡಚಿಕೊಳ್ಳಬಹುದು. ನಡುವಿನಲ್ಲಿ ಸಡಿಲವಿದ್ದರೆ ಮಾಡುವುದೇನೂ ಇಲ್ಲ. ಹೆಂಗಸರು ಗಂಡಸರ ಅಥವಾ ಎಲ್ಲರಿಗೂ ಒಂದೇ ಎನ್ನುವ ಸೂಟಿಗೆ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎದೆಗೆ ಸರಿಯಾದರೆ ಸೊಂಟದಲ್ಲಿ ಚೀಲ, ಸೊಂಟಕ್ಕೆ ಸರಿಯಾದರೆ ಎದೆಯಲ್ಲಿ ಉಸಿರು ಕಟ್ಟುವುದು ತಪ್ಪದು.

ತೊಟ್ಟು ನೋಡದೆ ಕೊಳ್ಳಬಾರದೆಂದು ನಿರ್ಧರಿಸಿ, ಬೆಳಗಾವಿ ದಾಟಿ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋದೆ. ಚಿಗವ್ವನ ಮಗ, ನನ್ನ ತಮ್ಮ, ಜೊತೆಗಿದ್ದ. ಅಂಡಮಾನಿಗೆ ಅವನೂ ಬರುವವನಿದ್ದ. ಡೈವಿಂಗ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಬಾದಾಮಿ ಕಡೆಯವನು, ನಮ್ಮ ಮಾತು ಕೇಳಿದ ಕೂಡಲೇ ಕನ್ನಡಕ್ಕಿಳಿದ. ಅವನಿಂದ ಬಹಳ ಕಲಿತೆ.

ಮೊದಲು ಕೊಟ್ಟದ್ದು ಶಾರ್ಟಿ, ಅಂದರೆ ಮೊಣಕೈ, ಮೊಣಕಾಲಿನ ಮೇಲಕ್ಕೇ ನಿಲ್ಲುವ ಸೂಟು. ತೊಡುವುದು ಸುಲಭ, ಬೆಲೆ ಕಡಿಮೆ, ದೋಣಿಯ ಮೇಲೆ ಸೆಕೆಯಾಗುವುದಿಲ್ಲ. ಆದರೂ ಬೇಡವೆಂದೆ. ಬೆಚ್ಚನೆಯ ಸಮುದ್ರದಲ್ಲಿ ಸೂಟಿಗೆ ಚಳಿ ತಡೆಯುವುದರ ಜೊತೆ ಇನ್ನೊಂದು ಕೆಲಸವಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂಬಲಿ ಮೀನುಗಳು, ಮುಟ್ಟಿದರೆ ಉರಿ ಹತ್ತಿಸುವ ಹೈಡ್ರಾಯ್ಡ್‌ಗಳು, ಬೆಂಕಿ ಹವಳ, ಲಂಗರಿನ ಹಗ್ಗಕ್ಕೆ ಅಂಟಿದ ಚಿಪ್ಪುಗಳ ಅಲಗು, ಮೇಲೆ ತೇಲುವಾಗ ಕಾಲಿನ ಹಿಂಭಾಗವನ್ನು ಸುಡುವ ಬಿಸಿಲು, ಇವೆಲ್ಲವೂ ಉಷ್ಣವಲಯದ ನೀರಿನವೇ. ಹವಳವನ್ನು ಮುಟ್ಟಲು, ಒರಗಲು ಉದ್ದ ತೋಳು ಪರವಾನಗಿಯಲ್ಲ. ಆದರೆ ಅಲೆಯೊಂದು ಆಯ ತಪ್ಪಿಸಿದಾಗ ಚರ್ಮ ಉಳಿಯುತ್ತದೆ.

ಇದೇ ಕೆಲಸಕ್ಕೆ ಲೈಕ್ರಾದ ತೆಳು ಉಡುಪೂ ಇದೆ. ಕುಟುಕು, ಬಿಸಿಲು ತಡೆಯಲು ಅದು ಚೆನ್ನ, ಶಾಖದ ಲೆಕ್ಕದಲ್ಲಿ ಮಾತ್ರ ಅದರಿಂದ ಹೆಚ್ಚೇನೂ ಆಗದು. ನೀರು 29-30 ಇದ್ದು ದಿನಕ್ಕೊಂದೇ ಡೈವ್ ಎಂದಾದರೆ ಸಾಕಾದೀತು. ನನ್ನದು ಓಪನ್ ವಾಟರ್ ಕೋರ್ಸ್, ಡೈವಿಂಗ್ ಕಲಿಯುವವರ ಮೊದಲ ಹಂತದ್ದು. ಕಲಿಯುವವರು ಮರಳಿನ ಮೇಲೆ ಮೊಣಕಾಲೂರಿ ಇನ್‌ಸ್ಟ್ರಕ್ಟರ್ ಮಾಡುವುದನ್ನು ನೋಡುತ್ತ, ಸರದಿ ಕಾಯುತ್ತ ಕೂರುವ ಹೊತ್ತೇ ಹೆಚ್ಚು. ಚಲನೆಯಿಲ್ಲದ ಮೈ ಬೇಗ ತಣಿಯುತ್ತದೆ.

5 ಮಿಲಿಮೀಟರ್ ದಪ್ಪದ ಸೂಟನ್ನೂ ತೊಟ್ಟು ನೋಡಿದೆ. ತೋಳು ಎತ್ತಿ ಹಿಡಿಯಲು ಬಲ ಹಾಕಬೇಕಾಯಿತು, ಅಂಗಡಿಯಲ್ಲೇ ಬೆವರು ಇಳಿಯಿತು. ನೀರು 21ರಿಂದ 26 ಡಿಗ್ರಿ ಇರುವ ಕಡೆ ಅದು ಬೇಕು. 27-29ಕ್ಕೆ 3 ಮಿಲಿಮೀಟರಿನ ಪೂರ್ತಿ ಉದ್ದದ ಸೂಟು ಎಂದು ನಾನು ಓದಿದ್ದಕ್ಕೂ, ಕೇಳಿದ್ದಕ್ಕೂ, ಅಲ್ಲಿ ಮೈಗೆ ಅನಿಸಿದ್ದಕ್ಕೂ ತಾಳೆಯಾಯಿತು. 3/2 ಎಂದು ಬರೆದವೂ ಇದ್ದವು. ಎದೆ ಬೆನ್ನಿಗೆ 3, ಕೈಕಾಲಿಗೆ 2.

ನಾನು ಹೆಚ್ಚು ಹೊತ್ತು ಕಳೆದದ್ದು 3 ಮಿಲಿಮೀಟರಿನ ಸೂಟುಗಳ ನಡುವೆಯೇ. ಹುಡುಗ ತೊಡುವ ಕ್ರಮ ಹೇಳಿಕೊಟ್ಟ: ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಾಲು ತೂರಿಸಿದರೆ ಬಟ್ಟೆ ತಡೆಯದೆ ಜಾರುತ್ತದೆ, ಉಗುರಿನಿಂದ ಹಿಡಿದು ಎಳೆಯಬಾರದು, ಬೆರಳ ತುದಿಯ ಮೆತ್ತೆಯಿಂದ ಚಿವುಟಿ ಸ್ವಲ್ಪ ಸ್ವಲ್ಪವೇ ಮೇಲೇರಿಸಬೇಕು, ತೊಡೆಸಂದಿ ಸರಿಯಾಗಿ ಕೂರುವ ತನಕ ತೋಳಿಗೆ ಕೈ ಹಾಕಬಾರದು. ಮೊದಲ ಸೂಟು ಹಾಕಿಕೊಂಡು ಹಿತವೆನಿಸಿತು. ಹುಡುಗ ತಲೆಯಾಡಿಸಿದ.

"ಆರಾಮ ಅನಿಸಿದ್ರ ಬ್ಯಾಡ ಅಕ್ಕಾರ. ಒಣಾ ಮೈಯಾಗ ಬಿಗಿ ಅನಿಸಬೇಕು. ನೀರಾಗ ಇಳದ ಮ್ಯಾಲೆ ಅದು ಸಡ್ಲ ಆಗತೈತಿ."

ಒಂದು ಅಳತೆ ಕೆಳಗಿನದನ್ನು ತೊಟ್ಟೆ. ಕುಕ್ಕರಗಾಲಲ್ಲಿ ಕೂತೆ, ಎರಡೂ ಕೈ ತಲೆಯ ಮೇಲೆ ಚಾಚಿದೆ, ಸಿಲಿಂಡರಿನ ವಾಲ್ವ್ ಮುಟ್ಟುವವಳಂತೆ ಕೈಯನ್ನು ಹಿಂದಕ್ಕೆ ಒಯ್ದೆ, ಎದೆ ತುಂಬ ಉಸಿರೆಳೆದುಕೊಂಡೆ. ನಾಲ್ಕು ಕಡೆ ಬೆರಳಾಡಿಸಿ ನೋಡಿದೆ: ಬಗಲು, ಬೆನ್ನಿನ ತಗ್ಗು, ತೊಡೆಸಂದಿ, ಮೊಣಕಾಲ ಹಿಂಭಾಗ. ಬೆನ್ನಿನ ತಗ್ಗಿನಲ್ಲಿ ಇನ್ನೂ ಎರಡು ಬೆರಳು ಹೋಗುತ್ತಿದ್ದವು. ಬಟ್ಟೆ ಹಿಗ್ಗುವ ಗುಣ, ಹೊಲಿಗೆ, ಬೆಲೆ ಎಲ್ಲ ಚೆನ್ನಾಗಿದ್ದರೂ ಅದನ್ನು ಬಿಟ್ಟೆ. ಇನ್ನೊಂದು ಕಂಪನಿಯ ಹೆಂಗಸರ ಕತ್ತರಿಯ ಸೂಟು ಅಲ್ಲಿ ಪೂರ್ತಿ ಕೂತಿತು. ಬೆನ್ನಿನ ಜಿಪ್ಪಿನ ಬುಡದಲ್ಲಿ ಬಟ್ಟೆ ಒಳಕ್ಕೆ ತಿರುಗುವಂತೆ ಕತ್ತರಿಸಿ ಜೋಡಿಸಿದ್ದರು. ಚಿಗವ್ವ ಇದ್ದಿದ್ದರೆ ಮೆಚ್ಚುತ್ತಿದ್ದಳು.

ಕೊರಳಿನ ಬಗ್ಗೆ ಒಂದು ಮಾತು. ಬಿಗಿ ಬೇಕು ಎಂದು ಕೊರಳಲ್ಲೂ ಬಿಗಿ ಬೇಕೆಂದುಕೊಳ್ಳಬಾರದು. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ಮೈ ಅದನ್ನು ರಕ್ತದೊತ್ತಡ ಏರಿತೆಂದು ತಿಳಿದು ಹೃದಯದ ಬಡಿತ ನಿಧಾನಿಸುತ್ತದೆ, ತಲೆ ಹಗುರಾಗುತ್ತದೆ. ನೀರಿನೊಳಗೆ ಅದು ಅಪಾಯ. ಒಂದು ಬೆರಳು ಒಳಗೆ ಸುಲಭವಾಗಿ ಹೋಗಬೇಕು, ತಲೆ ಎರಡೂ ಕಡೆ ತಿರುಗಿಸಿದಾಗ ಉಸಿರು ಹಿಡಿಯಬಾರದು. ಐದು ನಿಮಿಷ ಅದನ್ನೇ ತೊಟ್ಟು ಅಂಗಡಿಯಲ್ಲಿ ಓಡಾಡಿ, ಮಾತಾಡಿ, ನೀರು ಕುಡಿದು ನೋಡಿದೆ.

ಹೊಲಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ ಕಂಡೆ. ಫ್ಲ್ಯಾಟ್‌ಲಾಕ್‌ನಲ್ಲಿ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ದಾರ ಆಚೆಯಿಂದ ಈಚೆ ಹಾಯುವಂತೆ ಹೊಲಿಯುತ್ತಾರೆ. ಮೈಗೆ ಒತ್ತದು, ಗಟ್ಟಿ, ಆದರೆ ಸೂಜಿಯ ತೂತುಗಳಲ್ಲಿ ಸ್ವಲ್ಪ ನೀರು ಜಿನುಗುತ್ತದೆ. ಅಂಟಿಸಿ ಬ್ಲೈಂಡ್ ಸ್ಟಿಚ್ ಮಾಡಿದ್ದರಲ್ಲಿ ತುಂಡುಗಳ ಅಂಚನ್ನು ಮೊದಲು ಅಂಟಿನಿಂದ ಕೂಡಿಸಿ, ಸೂಜಿ ಪೂರ್ತಿ ಆಚೆ ಹೋಗದಂತೆ ಒಂದೇ ಮಗ್ಗುಲಲ್ಲಿ ಹೊಲಿಯುತ್ತಾರೆ. ತಣ್ಣೀರಿನ ಸೂಟಿಗೆ ಅದು ಬೇಕೇ ಬೇಕು. 28 ಡಿಗ್ರಿಗೆ ಫ್ಲ್ಯಾಟ್‌ಲಾಕ್ ಸಾಕು, ಉಳಿದ ದುಡ್ಡನ್ನು ಒಳ್ಳೆಯ ಅಳತೆಗೆ ಹಾಕುವುದು ಜಾಣತನ. ಒಳಗೆ ಹೊರಗೆ ಎರಡೂ ಕಡೆ ನೈಲಾನ್ ಪದರ ಇರುವುದನ್ನೇ ಆರಿಸಿದೆ. ಹೊರಗೆ ನುಣುಪು ರಬ್ಬರ್ ಇರುವಂಥವು ಗಾಳಿಗೆ ಒಳ್ಳೆಯವು, ಆದರೆ ದೋಣಿಯ ಒರಟು ಹಲಗೆ, ಸಿಲಿಂಡರಿನ ಪಟ್ಟಿಗಳಿಗೆ ಬೇಗ ಹರಿಯುತ್ತವೆ. ಜಿಪ್ ಬೆನ್ನಿಗೇ ಇರಲಿ ಎಂದೆ, ಉದ್ದ ಪಟ್ಟಿಯಿದ್ದರೆ ಯಾರ ಸಹಾಯವೂ ಇಲ್ಲದೆ ಎಳೆದುಕೊಳ್ಳಬಹುದು.

ತಮ್ಮ ಮಾತ್ರ ಶಾರ್ಟಿಯನ್ನೇ ತೆಗೆದುಕೊಂಡ. ಅವನದು ದಪ್ಪ ಮೈ, ಚಳಿ ಬೇಗ ತಟ್ಟುವುದಿಲ್ಲ. ಅವನ ಮಟ್ಟಿಗೆ ಆ ಆಯ್ಕೆ ಸರಿಯೇ. ತೋಳಿಗೆ ರ‍್ಯಾಶ್ ಗಾರ್ಡ್, ಅಂದರೆ ಚರ್ಮ ಕಾಯುವ ಉದ್ದ ತೋಳಿನ ತೆಳು ಅಂಗಿ, ಹಾಕಿಕೊಳ್ಳಲು ಒಪ್ಪಿಸಿದೆ.

ಊರಿಗೆ ಬಂದು ಈಜುಕೊಳದಲ್ಲಿ ಒಮ್ಮೆ ಇಳಿದು ನೋಡಿದೆ. ಬೆನ್ನಿನಲ್ಲಿ ನೀರು ಸರಿದಾಡಲಿಲ್ಲ. ಕೈಕಾಲು ಬಿಟ್ಟು ನಿಂತರೆ ಸೂಟು ನನ್ನನ್ನು ಮೇಲಕ್ಕೆ ಎತ್ತಿ ಹಿಡಿಯಿತು. 3 ಮಿಲಿಮೀಟರಿನ ಸೂಟು ಎರಡು ಮೂರು ಕಿಲೋದಷ್ಟು ತೇಲಿಸುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಹೆಚ್ಚು ಸಾಂದ್ರ, ಹಾಗಾಗಿ ಸಮುದ್ರದಲ್ಲಿ ಇನ್ನಷ್ಟು ಸೀಸ ಬೇಕಾಗುತ್ತದೆಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ಲೋರಿನ್ ಹೋಗುವಂತೆ ಸೂಟನ್ನು ಒಳ್ಳೆಯ ನೀರಿನಲ್ಲಿ ಜಾಲಾಡಿಸಿ ಒಣಗಿಸಿದೆ.

ಅಂಡಮಾನಿನ ಸ್ವರಾಜ್ ದ್ವೀಪಕ್ಕೆ, ಜನ ಇನ್ನೂ ಹ್ಯಾವ್‌ಲಾಕ್ ಎಂದೇ ಕರೆಯುವ ದ್ವೀಪಕ್ಕೆ, ಹಡಗಿನಲ್ಲಿ ಹೋಗಿ ಇಳಿದೆವು. ಮೊದಲ ಪಾಠಗಳು ನೆಮೊ ರೀಫ್ ಎಂಬ ಆಳವಿಲ್ಲದ ಜಾಗದಲ್ಲಿ. ಅಲ್ಲಿ ಇನ್‌ಸ್ಟ್ರಕ್ಟರ್ ತೂಕದ ಪರೀಕ್ಷೆ ಮಾಡಿಸಿದರು. ಬಿಸಿಡಿಯ, ಅಂದರೆ ಗಾಳಿ ತುಂಬಿ ಬಿಟ್ಟು ತೇಲುವಿಕೆ ಹೊಂದಿಸುವ ಜಾಕೆಟ್ಟಿನ, ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು, ಕದಲದೆ ನಿಂತರೆ ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು. ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಸೀಸದ ತುಂಡುಗಳನ್ನು ಸೇರಿಸುತ್ತ ತೆಗೆಯುತ್ತ ಅಲ್ಲಿಗೆ ತಂದರು. ಆಮೇಲೆ ಇನ್ನೂ ಎರಡು ಕಿಲೋ ಸೇರಿಸಿದರು. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯದೇ ಎರಡೂವರೆ ಕಿಲೋಗೂ ಹೆಚ್ಚು ತೂಕ; ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಬಹುಪಾಲು ಉಸಿರಾಗಿ ಹೋಗಿರುತ್ತದೆ, ಐದು ಮೀಟರಿಗೆ ಬಂದಾಗ ಸೂಟೂ ಮತ್ತೆ ಉಬ್ಬಿರುತ್ತದೆ. ಎರಡೂ ಸೇರಿ ಮೇಲಕ್ಕೆ ಎಳೆಯುವಾಗಲೇ ನಾವು ಮೂರು ನಿಮಿಷ ನಿಶ್ಚಲವಾಗಿ ನಿಲ್ಲಬೇಕಾದದ್ದು.

ನೀರಿನ ಮಟ್ಟಿಗೆ ಅಲ್ಲೂ 28-29. ಸೂಟಿನೊಳಗೆ ಮೊದಲು ಇಳಿದ ನೀರು ಬೆನ್ನಿಗೆ ತಣ್ಣಗೆ ತಾಗಿತು, ಒಂದೆರಡು ನಿಮಿಷದಲ್ಲಿ ಅದರ ನೆನಪೇ ಉಳಿಯಲಿಲ್ಲ. ಮರಳಿನ ಮೇಲೆ ಮೊಣಕಾಲೂರಿ ಮಾಸ್ಕಿನಲ್ಲಿ ನೀರು ತುಂಬಿಸಿ ಹೊರಹಾಕುವ ಪಾಠದ ಸರದಿ ಕಾಯುತ್ತಿದ್ದಾಗ ನನ್ನ ಪಕ್ಕದ ಹುಡುಗಿ ಬಾಡಿಗೆಯ ಸಡಿಲ ಸೂಟಿನಲ್ಲಿ ಕೈಕಟ್ಟಿ ಮುದುಡಿಕೊಂಡಿದ್ದಳು. ಆ ಚಳಿ ನನಗೆ ಗೊತ್ತಿದ್ದದ್ದೇ. ಕೋರ್ಸ್ ಕೊನೆಗೆ 18 ಮೀಟರಿಗೆ ಇಳಿದಾಗ ಸೂಟು ತೆಳ್ಳಗಾದದ್ದು ಕೈಗೇ ತಿಳಿಯಿತು. ಮುಂಗೈ ಮೇಲೆ ಚಿವುಟಿದರೆ ಬಟ್ಟೆ ಬೇರೆಯೇ ಎನಿಸುತ್ತಿತ್ತು. ಚಳಿಯಾಗಲಿಲ್ಲ. ದಿನದ ಎರಡನೆಯ ಡೈವ್‌ನ ಕೊನೆಯಲ್ಲಿ ಮಾತ್ರ ಕೊರಳು, ಕಿವಿಯ ಸುತ್ತ ತುಸು ತಣ್ಣಗೆನಿಸಿತು. ದೋಣಿಗೆ ಹತ್ತಿದ ಕೂಡಲೇ ಸೂಟನ್ನು ಸೊಂಟದವರೆಗೆ ಬಿಚ್ಚಿ, ಮೈ ಒರೆಸಿ, ಒಣ ಜಾಕೆಟ್ ಹಾಕಿಕೊಂಡು ಬಿಸಿನೀರು ಕುಡಿಯುವುದನ್ನು ರೂಢಿ ಮಾಡಿಕೊಂಡೆ. ನೀರಿಗೆ ಹಾರುವ ಮೊದಲು ಇದಕ್ಕೆ ತದ್ವಿರುದ್ಧ: ಬಿಸಿಲಿನಲ್ಲಿ ಜಿಪ್ ಎಳೆದುಕೊಂಡು ಕಾದು ಕೂತರೆ ಬೆವರಿ ಸುಸ್ತಾಗುತ್ತದೆ, ಕೊನೆಯ ಗಳಿಗೆಯಲ್ಲಿ ಎಳೆದುಕೊಳ್ಳಬೇಕು.

ತಮ್ಮನಿಗೆ ಶಾರ್ಟಿಯೇ ಸಾಕಾಯಿತು. ಚಳಿಯ ವಿಷಯದಲ್ಲಿ ಒಬ್ಬರ ಮೈ ಇನ್ನೊಬ್ಬರಿಗೆ ಪ್ರಮಾಣವಲ್ಲ. ಆದರೆ ಲಂಗರಿನ ಹಗ್ಗ ಹಿಡಿದು ಇಳಿಯುವಾಗ ಅವನ ಮೀನಖಂಡಕ್ಕೆ ಏನೋ ತಾಗಿ ಕೆಂಪು ಗೆರೆಗಳೆದ್ದವು, ಊರಿಗೆ ಮರಳಿದ ಮೇಲೂ ಕೆರೆಯುತ್ತಿದ್ದ.

ಬಾಗಲಕೋಟೆಯಲ್ಲಿ ಸೂಟನ್ನು ಇಟ್ಟುಕೊಳ್ಳುವುದು ಬೇರೆಯೇ ಕೆಲಸ. ನಿಯೋಪ್ರೀನಿಗೆ ಉಪ್ಪಿಗಿಂತಲೂ ಬಿಸಿಲು ದೊಡ್ಡ ಶತ್ರು, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಸಿಹಿನೀರಿನಲ್ಲಿ ನೆನೆಸಿ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಆರಿಸಿ, ಆಮೇಲೆ ತಿರುಗಿಸಿ ಹೊರಮೈ ಆರಿಸುತ್ತೇನೆ. ತೆಳು ತಂತಿಯ ಹ್ಯಾಂಗರಿಗೆ ಹಾಕಿದರೆ ಭುಜದ ಗುಳ್ಳೆಗಳು ಜಜ್ಜಿಹೋಗುತ್ತವೆ, ಆದ್ದರಿಂದ ದಪ್ಪ ಕೊಳವೆಯ ಮೇಲೆ ಸೊಂಟದ ಮಡಿಕೆಗೆ ತೂಗುಹಾಕುತ್ತೇನೆ. ಟ್ರಂಕಿನಲ್ಲಿ ಮಡಚಿ ಒತ್ತಿಡುವುದಿಲ್ಲ. ಮಡಿಕೆ ಬಿದ್ದಲ್ಲಿ ನೊರೆ ಸತ್ತು ಗೆರೆ ಉಳಿಯುತ್ತದೆ. ಮೇ ತಿಂಗಳಲ್ಲಿ ಕಾರಿನೊಳಗೆ ಬಿಡುವ ಮಾತೇ ಇಲ್ಲ. ಜಿಪ್ಪಿನ ಹಲ್ಲುಗಳಿಗೆ ಮೇಣ ಸವರಿಡುತ್ತೇನೆ. ಇಷ್ಟೆಲ್ಲ ನೋಡಿಕೊಂಡರೂ ಪ್ರತಿ ಡೈವ್‌ನಲ್ಲೂ ಗುಳ್ಳೆಗಳು ಕುಗ್ಗಿ ಹಿಗ್ಗಿ ವರ್ಷಗಳ ಮೇಲೆ ಸೂಟು ತೆಳ್ಳಗಾಗಿ ಗಡಸಾಗುತ್ತದೆ. ಬಾಡಿಗೆಯ ಹಳೆಯ 3 ಮಿಲಿಮೀಟರ್ ಹೊಸ 3 ಮಿಲಿಮೀಟರಿನಷ್ಟು ಬೆಚ್ಚಗಿರದಿರಲು ಇದೂ ಕಾರಣ.

ದೋಣಿಯ ಮೇಲೆ ಯಾರೋ ಅವಸರದಲ್ಲಿ ಸೂಟು ಎಳೆದುಕೊಡುವಾಗ ತೊಡೆಯ ಮೇಲೆ ಉಗುರಿನ ಅರ್ಧಚಂದ್ರಾಕಾರದ ಗೀರು ಬಿದ್ದಿತ್ತು. ಚಿಗವ್ವನಿಗೆ ತೋರಿಸಿದೆ. ಅವಳು ಸೂಜಿ ಕೈಗೆತ್ತಿಕೊಂಡಳು. ಆಚೆಗೆ ತೂತಾಗಬಾರದು, ಮೊದಲು ನಿಯೋಪ್ರೀನ್ ಅಂಟು ಹಾಕಬೇಕು ಎಂದೆ. ಗೀರಿನ ಎರಡೂ ಅಂಚಿಗೆ ತೆಳ್ಳಗೆ ಅಂಟು ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಇನ್ನೊಂದು ಪದರ ಸವರಿ, ಅದೂ ಆರಿದ ಮೇಲೆ ಅಂಚುಗಳನ್ನು ಕೂಡಿಸಿ ಒತ್ತಿ ಹಿಡಿದೆವು. ಮರುದಿನ ಮೇಲಿನ ನೈಲಾನನ್ನಷ್ಟೇ ಹಿಡಿದು ಅವಳು ಹೊಲಿದಳು, ಸೀರೆಯ ಅಂಚಿಗೆ ಹೆಮ್ಮಿಂಗ್ ಮಾಡುವಾಗಿನ ಅದೇ ಸಣ್ಣ ಹೊಲಿಗೆ. ಒಳಗಡೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದೆವು, ಎಲ್ಲೂ ದಾರ ಕಾಣಲಿಲ್ಲ. ಮಳೆಗಾಲ ಮುಗಿದು ದೋಣಿಗಳು ಹೊರಟ ಮೇಲೆ ಇದನ್ನೇ ತೊಟ್ಟು ನೇತ್ರಾಣಿಗೆ ಹೋಗುತ್ತೇನೆ. ಎರಡನೆಯ ಡೈವ್‌ಗೆಂದು ಒಳಗೆ ಹಾಕಿಕೊಳ್ಳಲು ತಲೆ ಮುಚ್ಚುವ ಹುಡ್ ಇರುವ 2 ಮಿಲಿಮೀಟರಿನ ತೋಳಿಲ್ಲದ ಬನಿಯನ್ನು ಹುಡುಕುತ್ತಿದ್ದೇನೆ. ಅದಕ್ಕೂ ಕೊರಳಿನ ಅಳತೆ ಚಿಗವ್ವನೇ ಬರೆದುಕೊಟ್ಟಿದ್ದಾಳೆ.